ಉಪ್ಪು ಎಲೆಯ ಎಡಗಡೆಯೇ ಇತ್ತು: ಫಿಸಿಯೋಥೆರಪಿಯೋ ಆಕ್ಯುಪೇಷನಲ್ ಥೆರಪಿಯೋ ಎಂಬ ಆಯ್ಕೆಯ ಒಂದು ಪ್ರಕರಣ

ಮಲೆನಾಡಿನ ಒಂದು ತಾಲ್ಲೂಕಿನಲ್ಲಿ ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡುವವನು ನಾನು. ಲಕ್ವ ಹೊಡೆದವರ ಮನೆಗಳಲ್ಲಿ ಮೂರ್ನಾಲ್ಕು ತಿಂಗಳು ಕಳೆಯುವ ಹೊತ್ತಿಗೆ ಒಂದು ಪ್ರಶ್ನೆ ಬಂದೇ ಬರುತ್ತದೆ: "ಇನ್ನೂ ಎಷ್ಟು ದಿನ ಇದೇ ವ್ಯಾಯಾಮ? ಬೇರೆ ಏನಾದರೂ ಇದೆಯಾ?" ಆ ಪ್ರಶ್ನೆಗೆ ಒಂದು ಮನೆಯಲ್ಲಿ ನಾವು ಕಂಡುಕೊಂಡ ಉತ್ತರವನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಗುರುತು ಸಿಗದಿರಲೆಂದು ಹೆಸರು, ವಯಸ್ಸು, ಊರಿನ ವಿವರಗಳನ್ನು ಬದಲಿಸಿದ್ದೇನೆ. ಅವರನ್ನು ಗೌರಮ್ಮ ಎಂದು ಕರೆಯೋಣ.

ಹಿನ್ನೆಲೆ

ಗೌರಮ್ಮನವರಿಗೆ 57 ವರ್ಷ. ಎರಡು ಎಕರೆ ಅಡಿಕೆ ತೋಟದ ಮನೆ. ಗಂಡ, ಮಗ, ಸೊಸೆ, ಒಬ್ಬ ಮೊಮ್ಮಗ. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದು ತಿಂಗಳಿಗೊಮ್ಮೆ ಬರುತ್ತಾನೆ. ಬಿಪಿ ಇತ್ತು, ಮಾತ್ರೆ ತಿನ್ನುವುದು ಬಿಡುವುದು ನಡೆದೇ ಇತ್ತು. ಒಂದು ಬೆಳಿಗ್ಗೆ ಏಳುವಾಗಲೇ ಎಡಗೈ ಎಡಗಾಲು ಸ್ವಾಧೀನದಲ್ಲಿರಲಿಲ್ಲ. ಜಿಲ್ಲಾ ಕೇಂದ್ರಕ್ಕೆ ಕರೆದೊಯ್ದು ಸ್ಕ್ಯಾನ್ ಮಾಡಿಸಿದಾಗ ಮೆದುಳಿನ ಬಲಭಾಗಕ್ಕೆ ರಕ್ತ ಒಯ್ಯುವ ದೊಡ್ಡ ನಾಳವೊಂದು ಕಟ್ಟಿಕೊಂಡಿರುವುದು ಗೊತ್ತಾಯಿತು. ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ನಿದ್ದೆಯಲ್ಲಿ ಯಾವಾಗ ಆಯಿತೆಂದು ಯಾರಿಗೂ ತಿಳಿಯದಿದ್ದರಿಂದ ಆ ದಾರಿ ಮುಚ್ಚಿತ್ತು.

ಆಸ್ಪತ್ರೆಯಿಂದ ಬಂದ ಮೇಲೆ ವಾರಕ್ಕೆ ಮೂರು ದಿನ ನಾನು ಹೋಗುತ್ತಿದ್ದೆ. ಮೊದಲು ಮಂಚದಲ್ಲಿ ಮಗ್ಗುಲಾಗುವುದು, ಆಮೇಲೆ ಕೂರುವುದು, ಕುರ್ಚಿಯಿಂದ ಏಳುವುದು, ಎಡಗಾಲಿನ ಮೇಲೆ ಭಾರ ಹಾಕುವುದು. ಎಡ ಭುಜದ ಕೀಲು ಸ್ವಲ್ಪ ಜಾರಿದ್ದರಿಂದ ಆ ಕೈ ಹಿಡಿದು ಎಬ್ಬಿಸಬೇಡಿ ಎಂದು ಮನೆಯವರಿಗೆ ಮೊದಲ ದಿನವೇ ಹೇಳಿದ್ದೆ. ಸೊಸೆ ಅದನ್ನು ಚಾಚೂ ತಪ್ಪದೆ ಪಾಲಿಸಿದಳು. ನೋಡಲು ಬಂದ ನೆಂಟರು ಕೈ ಎಳೆಯಲು ಹೋದರೆ ತಡೆಯುತ್ತಿದ್ದಳು. ಮೂರು ತಿಂಗಳ ಕೊನೆಗೆ ಗೌರಮ್ಮ ಕೋಲು ಹಿಡಿದು ಮನೆಯೊಳಗೆ ಓಡಾಡುತ್ತಿದ್ದರು, ಜಗಲಿಯ ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು. ದಿನನಿತ್ಯದ ಸ್ವಾವಲಂಬನೆ ಅಳೆಯುವ ಬಾರ್ಥೆಲ್ ಸೂಚಿಯಲ್ಲಿ 100ಕ್ಕೆ 75 ಬಂದಿತ್ತು. ಬಂದವರೆಲ್ಲ "ಗೌರಮ್ಮ ಹುಷಾರಾದರು" ಎಂದು ಹೇಳಿ ಹೋಗುತ್ತಿದ್ದರು.

ಆದರೆ ಬಾರ್ಥೆಲ್ ಸೂಚಿ ಕೇಳುವುದು ಹತ್ತೇ ವಿಷಯ: ಉಣ್ಣುವುದು, ಸ್ನಾನ, ಬಟ್ಟೆ, ಶೌಚ, ನಡಿಗೆ, ಮೆಟ್ಟಿಲು ಇಂಥವು. ಅದರಲ್ಲಿ ಅಡುಗೆ ಇಲ್ಲ, ತೋಟವಿಲ್ಲ, ಅಡಿಕೆ ಸುಲಿಯುವುದಿಲ್ಲ. ಒಂದು ಮನೆಯನ್ನು ಮೂವತ್ತು ವರ್ಷ ನಡೆಸಿದ ಹೆಂಗಸಿಗೆ ತಾನು ಹುಷಾರಾಗಿದ್ದೇನೆ ಅನ್ನಿಸುವುದು ಆ ಹತ್ತರಿಂದಲ್ಲ.

ಸಮಸ್ಯೆ ಕಂಡದ್ದು ಹೇಗೆ

ಮನೆಯವರ ದೂರುಗಳು ಬಿಡಿಬಿಡಿಯಾಗಿ ಬರುತ್ತಿದ್ದವು. ಬಾಗಿಲು ದಾಟುವಾಗ ಎಡ ಭುಜ ದಾರಂದಕ್ಕೆ ತಗಲುತ್ತದೆ. ಬಲಗಡೆಯ ತಲೆ ಮಾತ್ರ ಬಾಚಿಕೊಳ್ಳುತ್ತಾರೆ. ಎಡಗಡೆ ಕೂತು ಮಾತಾಡಿಸಿದರೆ ತಿರುಗುವುದಿಲ್ಲ. ಗಂಡನ ಪ್ರಕಾರ ಅದು ಬೇಜಾರು, ಮಗನ ಪ್ರಕಾರ ಕನ್ನಡಕದ ನಂಬರು ಹೆಚ್ಚಾದದ್ದು, ನೆರೆಮನೆಯವರ ಪ್ರಕಾರ ಮರೆವು.

ಗೌರಿ ಹಬ್ಬದ ದಿನ ಆ ಮನೆಯಲ್ಲೇ ಊಟವಾಯಿತು. ಗೌರಮ್ಮನವರನ್ನು ಮೇಜಿನ ಮುಂದೆ ಕೂರಿಸಿ ಬಾಳೆಎಲೆ ಹಾಕಿದ್ದರು. ಬಲಗಡೆ ಬಡಿಸಿದ ಪಲ್ಯ, ನಡುವಿನ ಅನ್ನ ಕಲಸಿಕೊಂಡು ಉಂಡರು. ಕೋಸಂಬರಿ, ಉಪ್ಪಿನಕಾಯಿ ಹಾಗೇ ಇದ್ದವು. "ಉಪ್ಪು ಹಾಕಲೇ ಇಲ್ವಲ್ಲ" ಎಂದರು. "ಎಲೆ ತುದಿಗೇ ಹಾಕಿದೀನಲ್ಲ ಅತ್ತೆ" ಎಂದಳು ಸೊಸೆ. ಗೌರಮ್ಮ ಎಲೆ ನೋಡಿದರು, ಮತ್ತೆ ಸೊಸೆಯ ಮುಖ ನೋಡಿದರು. ಅವರಿಗೆ ನಿಜಕ್ಕೂ ಕಾಣುತ್ತಿರಲಿಲ್ಲ. ನಾನು ಎಲೆಯನ್ನು ಮೆಲ್ಲಗೆ ಬಲಕ್ಕೆ ಸರಿಸಿದೆ. ಉಪ್ಪು ಅವರ ಕಣ್ಣ ಮುಂದೆ ಬಂತು. "ಈಗ ಬಡಿಸಿದ್ರಾ?" ಎಂದು ಕೇಳಿದರು.

ಆ ಒಂದು ಮಾತಿನಲ್ಲಿ ಬಿಡಿ ದೂರುಗಳೆಲ್ಲ ಒಂದೇ ದಾರಕ್ಕೆ ಬಂದವು. ಮೆದುಳಿನ ಬಲಭಾಗಕ್ಕೆ ಪೆಟ್ಟಾದ ಕೆಲವರಲ್ಲಿ ಎಡಗಡೆಯ ಜಗತ್ತು ಗಮನಕ್ಕೇ ಬರುವುದಿಲ್ಲ. ವೈದ್ಯಭಾಷೆಯಲ್ಲಿ ಇದಕ್ಕೆ ನೆಗ್ಲೆಕ್ಟ್ ಎನ್ನುತ್ತಾರೆ. ಕಣ್ಣು ಸರಿಯಿದ್ದರೂ ಇದು ಇರಬಹುದು. ಬರೀ ದೃಷ್ಟಿಯ ಅರ್ಧಭಾಗ ಹೋದವರಿಗೆ ಅದು ಸಾಮಾನ್ಯವಾಗಿ ಗೊತ್ತಾಗುತ್ತದೆ, ತಲೆ ತಿರುಗಿಸಿ ಸರಿದೂಗಿಸಿಕೊಳ್ಳುತ್ತಾರೆ. ನೆಗ್ಲೆಕ್ಟ್ ಇದ್ದವರಿಗೆ ಏನೋ ಕಾಣೆಯಾಗಿದೆ ಎಂಬ ಅರಿವೇ ಸಾಮಾನ್ಯವಾಗಿ ಇರುವುದಿಲ್ಲ. ಆದ್ದರಿಂದ ಅವರು ದೂರು ಹೇಳುವುದಿಲ್ಲ. ದೂರು ಹೇಳುವವರು ಮನೆಯವರು, ಅದೂ ಬೇರೆ ಹೆಸರಿನಲ್ಲಿ.

ಊಟವಾದ ಮೇಲೆ ಒಂದು ಹಾಳೆಯಲ್ಲಿ ಉದ್ದ ಗೆರೆ ಎಳೆದು ನಡುವೆ ಗುರುತು ಹಾಕಲು ಹೇಳಿದೆ. ಗುರುತು ಬಲತುದಿಯ ಹತ್ತಿರ ಬಿತ್ತು. ಕಣ್ಣು ಮುಚ್ಚಿಸಿ ಎಡಗೈ ಮುಟ್ಟಿದರೆ ಹೇಳುತ್ತಿದ್ದರು, ಬಲಗೈ ಮುಟ್ಟಿದರೂ ಹೇಳುತ್ತಿದ್ದರು, ಎರಡನ್ನೂ ಒಟ್ಟಿಗೆ ಮುಟ್ಟಿದರೆ ಬಲಗೈ ಮಾತ್ರ ಎನ್ನುತ್ತಿದ್ದರು. ಎಡಗೈ ವಿಷಯದಲ್ಲೂ ಇದೇ ಕತೆ. "ಎತ್ತಿ" ಎಂದರೆ ಎದೆಮಟ್ಟಕ್ಕೆ ಎತ್ತುತ್ತಾರೆ, "ಹಿಡಿಯಿರಿ" ಎಂದರೆ ಲೋಟ ಹಿಡಿಯುತ್ತಾರೆ. ಹೇಳದಿದ್ದರೆ ಕೈ ತೊಡೆಯ ಮೇಲೆ ಬಿದ್ದಿರುತ್ತದೆ. ಮನೆಯವರ ಕಣ್ಣಿಗೆ ಅದು ಶಕ್ತಿ ಇಲ್ಲದ ಕೈ. ನನ್ನ ಅಳತೆಯಲ್ಲಿ ಶಕ್ತಿ ಬಂದಿತ್ತು, ಬಳಕೆ ಬಂದಿರಲಿಲ್ಲ.

ಅದೇ ವಾರ ಅಡುಗೆಮನೆಯಲ್ಲಿ ಇನ್ನೊಂದು ಘಟನೆ. ಯಾರೂ ಇಲ್ಲದಾಗ ಗೌರಮ್ಮ ಕಾಫಿ ಮಾಡಲು ಹೋಗಿದ್ದಾರೆ. ಸೊಸೆ ಹಿತ್ತಲಿಂದ ಬಂದಾಗ ಎಡಗಡೆಯ ಬರ್ನರ್ ಉರಿಯುತ್ತಿತ್ತು, ಮೇಲೆ ಪಾತ್ರೆಯಿರಲಿಲ್ಲ, ಗೌರಮ್ಮ ಬಲಗಡೆ ನಿಂತು ಹಾಲಿನ ಪಾತ್ರೆ ಹುಡುಕುತ್ತಿದ್ದರು. ಸೆರಗು ಎಡಗಡೆ ಇಳಿಬಿದ್ದಿತ್ತು. ಅವತ್ತಿನಿಂದ ಅವರಿಗೆ ಅಡುಗೆಮನೆ ಬಂದ್. ಮನೆಯವರ ಭಯ ಸರಿಯಾದದ್ದೇ. ಆದರೆ ಗೌರಮ್ಮ ಆಮೇಲೆ ವ್ಯಾಯಾಮಕ್ಕೂ ಮನಸ್ಸಿಟ್ಟು ಕೂರಲಿಲ್ಲ. "ನಡೆದು ಎಲ್ಲಿಗೆ ಹೋಗ್ಲಿ?" ಎಂದು ನನ್ನನ್ನೇ ಕೇಳಿದರು.

ಆಯ್ಕೆಯ ಮಾತು

ನಮ್ಮ ಕಡೆ ಫಿಸಿಯೋಥೆರಪಿ ಎಂದರೆ ಎಲ್ಲರಿಗೂ ಗೊತ್ತು, ತಾಲ್ಲೂಕು ಕೇಂದ್ರದಲ್ಲೂ ಸಿಗುತ್ತದೆ. ದಿನನಿತ್ಯದ ಕೆಲಸಗಳನ್ನು ಮತ್ತೆ ಮಾಡಲು ಕಲಿಸುವ ಆಕ್ಯುಪೇಷನಲ್ ಥೆರಪಿಸ್ಟ್ ಬೇಕೆಂದರೆ ಘಟ್ಟ ಇಳಿಯಬೇಕು. ಭಾರತದಲ್ಲಿ ಈ ವಿದ್ಯೆ ಹೊಸದಲ್ಲ, ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಕಮಲಾ ನಿಂಬ್ಕರ್ 1950ರಲ್ಲೇ ಇದನ್ನು ಕಲಿಸುವ ಶಾಲೆ ಶುರುಮಾಡಿದ್ದರು. 2021ರ ರಾಷ್ಟ್ರೀಯ ಕಾಯ್ದೆಯೂ ಫಿಸಿಯೋಥೆರಪಿ, ಆಕ್ಯುಪೇಷನಲ್ ಥೆರಪಿ ಎರಡನ್ನೂ ಬೇರೆಬೇರೆ ವೃತ್ತಿಗಳೆಂದು ಗುರುತಿಸಿದೆ. ಆದರೂ ಹಳ್ಳಿಯ ಮನೆಗೆ ಅದರ ಸುದ್ದಿ ತಲುಪಿಲ್ಲ. ಯಾರಾದರೂ ಹೇಳಬೇಕು. ಹಳ್ಳಿಯಲ್ಲಿ ಲಕ್ವದ ರೋಗಿಯನ್ನು ತಿಂಗಳುಗಟ್ಟಲೆ ಹತ್ತಿರದಿಂದ ನೋಡುವವನು ಫಿಸಿಯೋಥೆರಪಿಸ್ಟ್ ಆದ್ದರಿಂದ ಹೇಳಬೇಕಾದವನೂ ಅವನೇ. ತನ್ನ ಭೇಟಿ ಕಡಿಮೆಯಾಗುವ ಸಲಹೆಯನ್ನು ತಾನೇ ಕೊಡಬೇಕಾದ ಸ್ಥಿತಿ ಇದು. ಈ ವೃತ್ತಿಯಲ್ಲಿರುವ ಗೆಳೆಯರೊಂದಿಗೆ ನಾನು ಬಿಚ್ಚುಮನಸ್ಸಿನಿಂದ ಚರ್ಚಿಸಬಯಸುವ ವಿಷಯವೂ ಇದೇ.

ಜಗಲಿಯಲ್ಲಿ ಕೂತು, ಮಗನನ್ನು ಫೋನಿನ ಸ್ಪೀಕರಿನಲ್ಲಿ ಇಟ್ಟು ಮಾತಾಡಿದೆವು. ಮಗನ ಪ್ರಶ್ನೆ ನ್ಯಾಯವಾದದ್ದು: "ಸರ್, ಕೈಗೂ ಕಾಲಿಗೂ ನೀವೇ ಮಾಡ್ತಿದೀರಲ್ಲ. ಮತ್ತೊಬ್ಬರು ಬಂದು ಮಾಡೋದೇನು? ಬೇಕಾದ್ರೆ ವಾರಕ್ಕೆ ಐದು ದಿನ ನೀವೇ ಬನ್ನಿ." ಗಂಡನಿಗೆ ಎಣ್ಣೆ ತಿಕ್ಕಿಸುವ ಯೋಚನೆ. ಸೊಸೆ ಯಾವುದಕ್ಕೂ ಹೂಂ ಅನ್ನಲಿಲ್ಲ. "ಅತ್ತೆ ಒಲೆ ಹತ್ರ ಹೋಗೋ ಹಾಗಾಗ್ಬೇಕು ಅಷ್ಟೆ" ಎಂದಳು. ಅಂದಿನ ಮಾತಿನಲ್ಲಿ ಗುರಿಯನ್ನು ಹೇಳಿದವಳು ಅವಳೊಬ್ಬಳೇ.

"ಕಾಲಿಗೆ ಫಿಸಿಯೋ, ಕೈಗೆ ಆಕ್ಯುಪೇಷನಲ್" ಎಂಬ ಹಂಚಿಕೆ ಬಹಳ ಕಡೆ ಕೇಳಿಬರುತ್ತದೆ. ಇಲ್ಲಿ ಅದರಿಂದ ಏನೂ ತೀರ್ಮಾನವಾಗುತ್ತಿರಲಿಲ್ಲ. ನಾನು ಮನೆಯವರ ಮುಂದೆ ಇಟ್ಟದ್ದು ಬೇರೆ ಪ್ರಶ್ನೆ: ಈಗ ಅವರ ಕೆಲಸ ನಿಂತಿರುವುದು ಯಾವುದರಿಂದ? ಏಳಲು, ನಿಲ್ಲಲು, ನಡೆಯಲು ಆಗದೆ ನಿಂತಿದ್ದರೆ ಸ್ನಾಯು, ಕೀಲು, ಸಮತೋಲನದ ಕೆಲಸ ಇನ್ನೂ ಬೇಕು, ಅದು ನನ್ನದು. ಅವೆಲ್ಲ ಬಂದಮೇಲೂ ಕಾಫಿ ಮಾಡುವುದು, ಸೀರೆ ಉಡುವುದು, ತಲೆ ಬಾಚುವುದು ನಿಂತಿದ್ದರೆ ಆ ಕೆಲಸವನ್ನೇ ಬಿಡಿಸಿ ನೋಡಿ, ಯಾವ ಹೆಜ್ಜೆಯಲ್ಲಿ ತಪ್ಪುತ್ತಿದೆ ಎಂದು ಹುಡುಕಿ, ಗಮನವನ್ನೂ ಮನೆಯನ್ನೂ ಪಾತ್ರೆಪರಡಿಯನ್ನೂ ಅದಕ್ಕೆ ಹೊಂದಿಸುವವರು ಬೇಕು. ಐದು ದಿನ ಬಂದು ನಾನು ಕೈಯ ಬಲ ಹೆಚ್ಚಿಸಿದರೂ ಎಡಗಡೆಯ ಒಲೆ ಅವರ ಗಮನಕ್ಕೆ ಬರುವುದಿಲ್ಲ.

ಹಣದ ಲೆಕ್ಕವೂ ಅಲ್ಲೇ ಆಯಿತು. ನನ್ನ ಒಂದು ಭೇಟಿಗೆ 500 ರೂಪಾಯಿ. ವಾರಕ್ಕೆ ಮೂರರ ಬದಲು ಒಂದು ಮಾಡಿದರೆ ತಿಂಗಳಿಗೆ 4,000 ಉಳಿಯುತ್ತದೆ. ಹದಿನೈದು ದಿನಕ್ಕೊಮ್ಮೆ ಘಟ್ಟ ಇಳಿದು ಬರುವ ಬಾಡಿಗೆ ಕಾರಿಗೆ ಅದು ಸರಿಹೋಗುತ್ತಿತ್ತು. ಆಸ್ಪತ್ರೆಯ ಶುಲ್ಕ ಮಗನದು. ನಾನು ಬರದ ದಿನಗಳ ವ್ಯಾಯಾಮವನ್ನು ಸೊಸೆ ಮಾಡಿಸುತ್ತೇನೆಂದಳು. ಎಣ್ಣೆ ತಿಕ್ಕುವುದಕ್ಕೆ ನಾನು ಬೇಡ ಎನ್ನಲಿಲ್ಲ. ಎಡ ಭುಜ ಎಳೆಯಬಾರದು, ಬಿಸಿಯನ್ನು ಮೊದಲು ತಮ್ಮ ಕೈಗೆ ಮುಟ್ಟಿಸಿ ನೋಡಬೇಕು ಎಂದಷ್ಟೇ ಹೇಳಿದೆ. ಎಡಗೈ ಕಡೆ ಗಮನವಿಲ್ಲದವರಿಗೆ ಸುಟ್ಟರೂ ತಿಳಿಯದೆ ಹೋಗಬಹುದು. ಅದೇ ಕಾರಣಕ್ಕೆ ಬಚ್ಚಲಿನ ಹಂಡೆಯಿಂದ ಅವರೇ ನೀರು ತೋಡಿಕೊಳ್ಳುವುದನ್ನೂ ನಿಲ್ಲಿಸಿದೆವು.

ಘಟ್ಟದ ಕೆಳಗೆ

ಮೊದಲ ಭೇಟಿಗೆ ನಾನೂ ಜೊತೆಗೆ ಹೋಗಿದ್ದೆ. ಆಕ್ಯುಪೇಷನಲ್ ಥೆರಪಿಸ್ಟ್ ಮೊದಲು ಕೈ ಮುಟ್ಟಲೇ ಇಲ್ಲ. "ಅಮ್ಮ, ಲಕ್ವಕ್ಕೆ ಮುಂಚೆ ಬೆಳಿಗ್ಗೆ ಎದ್ದು ಏನು ಮಾಡ್ತಿದ್ರಿ?" ಎಂದು ಶುರುಮಾಡಿ ರಾತ್ರಿಯವರೆಗೆ ಕೇಳಿದರು. ಗೌರಮ್ಮ ಅವತ್ತು ಮಾತಾಡಿದಷ್ಟು ಮೂರು ತಿಂಗಳಲ್ಲಿ ಮಾತಾಡಿರಲಿಲ್ಲ. ಕಾಫಿ, ದೋಸೆ, ಸೀರೆ, ಆಮೇಲೆ ಅಡಿಕೆ. ಸುಗ್ಗಿಯಲ್ಲಿ ಅಕ್ಕಪಕ್ಕದ ಹೆಂಗಸರೆಲ್ಲ ಸೇರಿ ಮೆಟ್ಟುಗತ್ತಿ ಹಾಕಿಕೊಂಡು ರಾತ್ರಿ ಹತ್ತರವರೆಗೆ ಹಸಿ ಅಡಿಕೆ ಸುಲಿಯುತ್ತಾರೆ. ಊರಿನ ಸುದ್ದಿ, ನಗು, ಜಗಳ ಎಲ್ಲ ಅಲ್ಲೇ. ಗೌರಮ್ಮ ಅಲ್ಲಿ ಕೈಚಳಕಕ್ಕೆ ಹೆಸರಾದವರು.

ನೆಗ್ಲೆಕ್ಟ್ ಅಳೆಯಲು ಕ್ಯಾಥರೀನ್ ಬರ್ಜೆಗೊ ಮಾಪನ ಎಂಬುದೊಂದಿದೆ. ಮುಖದ ಎಡಭಾಗ ತೊಳೆಯುತ್ತಾರೆಯೇ, ಎಡತೋಳು ತೊಡುತ್ತಾರೆಯೇ, ತಟ್ಟೆಯ ಎಡಗಡೆ ಉಣ್ಣುತ್ತಾರೆಯೇ, ಎಡಗಡೆಯ ವಸ್ತುಗಳಿಗೆ ಡಿಕ್ಕಿ ಹೊಡೆಯುತ್ತಾರೆಯೇ, ಹೀಗೆ ದಿನನಿತ್ಯದ ಹತ್ತು ಸಂಗತಿಗಳನ್ನು ನೋಡಿ 30ರವರೆಗೆ ಅಂಕ ಕೊಡುವುದು. ಅಂಕ ಹೆಚ್ಚಿದಷ್ಟೂ ತೊಂದರೆ ಹೆಚ್ಚು. ಗೌರಮ್ಮನವರಿಗೆ 18 ಬಂತು. ಅದೇ ಪ್ರಶ್ನೆಗಳಿಗೆ ಅವರೇ ಕೊಟ್ಟ ಉತ್ತರದಲ್ಲಿ 4. ಆ ಎರಡು ಅಂಕಗಳ ನಡುವಿನ ಅಂತರವೇ ಅವರ ಅರಿವಿಗೆ ಬಾರದ ಭಾಗ. ಗಂಡ ಆ ಹಾಳೆಯನ್ನು ಬಹಳ ಹೊತ್ತು ನೋಡಿ, "ಹಂಗಾದ್ರೆ ಬೇಕಂತ ಮಾಡ್ತಿರ್ಲಿಲ್ಲ" ಎಂದರು. ಮನೆಯ ಬೈಗುಳ ಅವತ್ತಿಗೆ ನಿಂತಿತು. ಚಿಕಿತ್ಸೆಯ ಮೊದಲ ಫಲ ಇದು ಎಂದು ನಾನು ಎಣಿಸುತ್ತೇನೆ.

ಮೆಟ್ಟುಗತ್ತಿಗೆ ಥೆರಪಿಸ್ಟ್ ಖಂಡಿತವಾಗಿ ಬೇಡ ಎಂದರು. ಎದುರಿಗೆ ನಿಂತ ಅಲಗಿಗೆ ಎರಡೂ ಕೈ ಕೊಟ್ಟು ಮಾಡುವ ಕೆಲಸ ಅದು. ಒಂದು ಕೈ ಎಲ್ಲಿದೆಯೆಂದು ಲಕ್ಷ್ಯವಿಲ್ಲದವರಿಗೆ ಸಾಧ್ಯವೇ ಇಲ್ಲ. ಗೌರಮ್ಮನಿಗೆ ಸಿಟ್ಟು ಬಂತು, ವಾಪಸು ಬರುವಾಗ ಕಾರಿನಲ್ಲಿ ಮಾತಾಡಲಿಲ್ಲ. ಮುಂದಿನ ಭೇಟಿಗೆ ಹೋಗುವುದಿಲ್ಲ ಎಂದು ಹಟ ಹಿಡಿದರು. ಪ್ರಕರಣ ಅಲ್ಲಿಗೇ ಮುಗಿಯಬಹುದಿತ್ತು.

ದಾರಿ ತೋರಿಸಿದ್ದು ಸೊಸೆಯೇ. ಸುಲಿಯುವುದು ಬೇಡವಾದರೆ ಆರಿಸುವುದು ಆಗಬಹುದಲ್ಲ ಎಂದಳು. ಬೇಯಿಸಿ ಒಣಗಿಸಿದ ಅಡಿಕೆಯನ್ನು ಚಾಪೆಯ ಮೇಲೆ ಹರವಿ ರಾಶಿ, ಬೆಟ್ಟೆ, ಗೊರಬಲು ಎಂಬ ದರ್ಜೆಗಳಾಗಿ ಬೇರೆ ಮಾಡುವ ಕೆಲಸ. ಕತ್ತಿಯಿಲ್ಲ, ಕಣ್ಣು ಬೇಕು. ಥೆರಪಿಸ್ಟಿಗೆ ಫೋನಿನಲ್ಲಿ ವಿಡಿಯೋ ತೋರಿಸಿದೆವು. ಅವರು ಕೂಡಲೇ ಒಪ್ಪಿ ಅದನ್ನೇ ಚಿಕಿತ್ಸೆಯಾಗಿ ಮಾಡಿದರು. ನೆಗ್ಲೆಕ್ಟಿಗೆ ಮಾಡಿಸುವ ಮುಖ್ಯ ಅಭ್ಯಾಸವೆಂದರೆ ಎಡತುದಿಯಿಂದ ಶುರುಮಾಡಿ ಕ್ರಮವಾಗಿ ಬಲಕ್ಕೆ ಹುಡುಕುತ್ತಾ ಬರುವುದು. ಆಸ್ಪತ್ರೆಯಲ್ಲಿ ಇದನ್ನು ಕಾಗದದ ಮೇಲೆ ನಕ್ಷತ್ರ, ಅಕ್ಷರ ಹುಡುಕಿಸಿ ಮಾಡಿಸುತ್ತಾರೆ. ಇಲ್ಲಿ ಚಾಪೆಯ ಎಡ ಅಂಚಿಗೆ ಅಗಲವಾದ ಕೆಂಪು ಬಟ್ಟೆ ಹೊಲಿದರು. ನಿಯಮ ಒಂದೇ: ಕೆಂಪು ಕಾಣುವವರೆಗೆ ತಲೆ ತಿರುಗಿಸಬೇಕು, ಎಡಗೈಯನ್ನು ಆ ಕೆಂಪಿನ ಮೇಲೆ ಇಟ್ಟು ಶುರುಮಾಡಬೇಕು, ಸಾಲು ಮುಗಿದ ಮೇಲೆ ಮತ್ತೆ ಕೆಂಪಿಗೆ ಬರಬೇಕು. ಮೊದಮೊದಲು ಎಡ ಅರ್ಧದ ಅಡಿಕೆ ಹಾಗೇ ಉಳಿಯುತ್ತಿತ್ತು. ಸೊಸೆ ಅದನ್ನು ಆರಿಸಿ ಮುಗಿಸುತ್ತಿರಲಿಲ್ಲ. "ಇನ್ನೂ ಇದೆ ಅತ್ತೆ, ಕೆಂಪು ಎಲ್ಲಿ?" ಎಂದಷ್ಟೇ ಹೇಳಿ ಕಾಯುತ್ತಿದ್ದಳು. ಹೀಗೆ ಕಾಯುವುದು ಕಷ್ಟ. ಆ ತಾಳ್ಮೆಯನ್ನು ಅವಳಲ್ಲಿ ನಾನು ಕಣ್ಣಾರೆ ಕಂಡಿದ್ದೇನೆ.

ಅಡುಗೆಮನೆಯಲ್ಲೂ ಇದೇ ಕೆಂಪು ಬಂತು. ಕಟ್ಟೆಯ ಎಡ ಅಂಚಿಗೆ ಕೆಂಪು ಟೇಪು. ಎಡ ಬರ್ನರಿನ ಗುಬುಟನ್ನು ಕಿತ್ತು ತೆಗೆದಿಟ್ಟರು. ಕಾಫಿಗೆ ಬೇಕಾದದ್ದನ್ನೆಲ್ಲ ಮೊದಲ ವಾರ ಬಲಗಡೆ ಜೋಡಿಸಿ, ಆಮೇಲೆ ಒಂದೊಂದನ್ನೇ ಎಡಕ್ಕೆ ಸರಿಸುತ್ತಾ ಹೋದರು. ಎಲೆಗೆ ಕೂತಾಗ ಮೊದಲು ಬೆರಳಿಂದ ಉಪ್ಪು ಮುಟ್ಟಿ ಆಮೇಲೆ ತುತ್ತು. ಊಟದ ಕ್ರಮವೇ ಅಭ್ಯಾಸವಾಯಿತು.

ಫಿಸಿಯೋ ಕಡಿಮೆ ಮಾಡಿದ್ದರ ಬೆಲೆ

ಎರಡು ತಿಂಗಳಾಗುವಷ್ಟರಲ್ಲಿ ನಡಿಗೆ ಕೆಟ್ಟಿತು. ಎಡ ಮೀನಖಂಡ ಬಿಗಿದುಕೊಂಡಿತ್ತು, ಹೆಜ್ಜೆ ಎತ್ತುವಾಗ ಬೆರಳು ನೆಲಕ್ಕೆ ಉಜ್ಜುತ್ತಿತ್ತು, ಮಂಡಿ ಹಿಂದಕ್ಕೆ ಬಾಗುತ್ತಿತ್ತು. ಮನೆಯಲ್ಲಿ ವ್ಯಾಯಾಮ ಬಿಟ್ಟಿರಲಿಲ್ಲ. ಆದರೆ ಗೌರಮ್ಮ ಈಗ ಗಂಟೆಗಟ್ಟಲೆ ಕೂತು ಅಡಿಕೆ ಆರಿಸುತ್ತಿದ್ದರು, ಬಿಗಿತಕ್ಕೆ ಮನೆಯ ಎಳೆತ ಸಾಲಲಿಲ್ಲ. ವಾರಕ್ಕೆ ಎರಡು ಭೇಟಿಗೆ ಏರಿಸಿದೆವು, ಘಟ್ಟದ ಪ್ರಯಾಣವನ್ನು ತಿಂಗಳಿಗೊಮ್ಮೆ ಮಾಡಿ ನಡುವೆ ವಿಡಿಯೋ ಕರೆ ಇಟ್ಟುಕೊಂಡೆವು. ಪಾದ ಎತ್ತಿಹಿಡಿಯುವ ಆಸರೆಪಟ್ಟಿ (ಸ್ಪ್ಲಿಂಟ್) ಕೊಡಿಸಿದೆವು. ಚಾಪೆಯ ಬದಲು ಎತ್ತರದ ಮೇಜಿನ ಮೇಲೆ ಅಡಿಕೆ ಹರವಿ, ಅರ್ಧ ಹೊತ್ತು ನಿಂತು ಆರಿಸಲು ಹೇಳಿದೆ. ನಿಂತಾಗ ಎಡಗಾಲಿಗೆ ಭಾರ ಬೀಳುತ್ತದೆ, ಮೀನಖಂಡ ಹಿಗ್ಗುತ್ತದೆ, ಕಣ್ಣು ಎಡಕ್ಕೆ ಹೋಗುತ್ತದೆ. ಅಲ್ಲಿ ಯಾವುದು ಯಾರ ಚಿಕಿತ್ಸೆ ಎಂದು ಬೇರ್ಪಡಿಸಲು ಆಗುತ್ತಿರಲಿಲ್ಲ. ನಡಿಗೆಯ ಅಭ್ಯಾಸದಲ್ಲೂ ನಾನು ಪ್ರತಿ ಬಾಗಿಲ ಎಡ ದಾರಂದಕ್ಕೆ ಕೆಂಪು ಹಚ್ಚಿಸಿ, ದಾಟುವ ಮುಂಚೆ ಅದನ್ನು ಕೈಯಿಂದ ಮುಟ್ಟಿಸುತ್ತಿದ್ದೆ. ಭುಜ ತಗಲುವುದು ನಿಂತಿತು.

ಎಲ್ಲಿಗೆ ಬಂತು

ಲಕ್ವವಾಗಿ ವರ್ಷ ತುಂಬುವ ಹೊತ್ತಿಗೆ ಬರ್ಜೆಗೊ ಅಂಕ 18ರಿಂದ 7ಕ್ಕೆ ಇಳಿದಿತ್ತು. ಸ್ವಲ್ಪಮಟ್ಟಿಗೆ ಅದು ತಾನಾಗಿಯೂ ಇಳಿದಿರಬಹುದು. ನೆಗ್ಲೆಕ್ಟ್ ಹಲವರಲ್ಲಿ ಮೊದಲ ತಿಂಗಳುಗಳಲ್ಲಿ ತಾನೇ ತಗ್ಗುತ್ತದೆ, ಒಬ್ಬರ ಪ್ರಕರಣದಲ್ಲಿ ಇಷ್ಟು ಚಿಕಿತ್ಸೆಯದು, ಇಷ್ಟು ಕಾಲದ್ದು ಎಂದು ಹೇಳಲಾಗದು. ಕಾಫಿ, ಉಪ್ಪಿಟ್ಟು, ಒಂದು ಸಾರು ಅವರೇ ಮಾಡುತ್ತಾರೆ, ಮನೆಯಲ್ಲಿ ಯಾರಾದರೂ ಇದ್ದಾಗ ಮಾತ್ರ. ಸೀರೆಯ ನೆರಿಗೆಗೆ ಸೊಸೆಯ ಕೈ ಬೇಕು. ಎಡಗೈ ಪಾತ್ರೆ ಒತ್ತಿಹಿಡಿಯುವಷ್ಟಕ್ಕೆ ಬರುತ್ತದೆ, ಅದಕ್ಕಿಂತ ಹೆಚ್ಚಿಲ್ಲ. ರಸ್ತೆ ದಾಟಲು ಒಬ್ಬರನ್ನೇ ಬಿಡುವುದಿಲ್ಲ. ದಣಿದಾಗ, ಜ್ವರ ಬಂದಾಗ ಎಡಗಡೆ ಮತ್ತೆ ಗಮನದಿಂದ ಜಾರುತ್ತದೆ. ಮೆಟ್ಟುಗತ್ತಿ ವಾಪಸು ಬರಲಿಲ್ಲ. ಸುಗ್ಗಿಯ ರಾತ್ರಿಗಳಲ್ಲಿ ಸುಲಿಯುವವರ ಸಾಲಿನ ಬಲತುದಿಯಲ್ಲಿ, ಎಲ್ಲರೂ ತಮ್ಮ ಎಡಕ್ಕೆ ಬರುವಂತೆ, ಮೇಜು ಹಾಕಿಕೊಂಡು ಅವರು ಕೂರುತ್ತಾರೆ. ಆ ಜಾಗವನ್ನು ಥೆರಪಿಸ್ಟ್ ಬೇಕೆಂದೇ ಆರಿಸಿದ್ದು: ಮಾತು ಎಡಗಡೆಯಿಂದ ಬಂದರೆ ತಲೆ ಆ ಕಡೆ ತಿರುಗಲೇಬೇಕು.

ಈ ಪ್ರಕರಣದ ನಂತರ ನನ್ನ ಕೆಲಸದಲ್ಲಿ ಕೆಲವು ಬದಲಾವಣೆಗಳಾಗಿವೆ. ಬಲ ಮೆದುಳಿಗೆ ಪೆಟ್ಟಾದ ಪ್ರತಿಯೊಬ್ಬರನ್ನೂ ಮೊದಲ ವಾರಗಳಲ್ಲೇ ಒಂದು ಊಟದ ಹೊತ್ತಿನಲ್ಲಿ ಹೋಗಿ ನೋಡುತ್ತೇನೆ. ಮನೆಯವರಿಗೆ "ಏನು ಆಗುತ್ತಿಲ್ಲ?" ಎಂದು ಕೇಳುವುದರ ಜೊತೆಗೆ "ಯಾವ ಕೆಲಸ ಮಾಡಲು ಬಿಡುತ್ತಿಲ್ಲ, ಯಾಕೆ?" ಎಂದೂ ಕೇಳುತ್ತೇನೆ, ಒಲೆ ಬಂದ್ ಆದ ಸಂಗತಿ ಎರಡನೇ ಪ್ರಶ್ನೆಗೆ ಮಾತ್ರ ಹೊರಬರುತ್ತದೆ. ಆಕ್ಯುಪೇಷನಲ್ ಥೆರಪಿಗೆ ಕಳಿಸುವಾಗ ಪತ್ರದಲ್ಲಿ ಸ್ನಾಯುಬಲದ ಅಂಕಗಳ ಕೆಳಗೆ ಇಂಥ ಎರಡು ಸಾಲು ಸೇರಿಸುತ್ತೇನೆ: "ಕಾಫಿ ಮಾಡಲು ಹೋದಾಗ ಎಡ ಬರ್ನರ್ ಉರಿಯುತ್ತಿರುವುದು ಗಮನಕ್ಕೆ ಬರುವುದಿಲ್ಲ. ರೋಗಿಗೆ ಬೇಕಾದದ್ದು ಅಡುಗೆಮನೆ ಮತ್ತು ಅಡಿಕೆ." ಘಟ್ಟ ಇಳಿಯಲು ಆಗದ ಮನೆಗಳಿಗೆ, ಒಂದೇ ಸಲವಾದರೂ ಹೋಗಿ ಬನ್ನಿ, ಉಳಿದದ್ದನ್ನು ಫೋನಿನಲ್ಲಿ ನಡೆಸೋಣ ಎನ್ನುತ್ತೇನೆ. ಇನ್ನೂ ಸ್ವಂತವಾಗಿ ಕೂರಲು ಬಾರದ, ನಿಂತರೆ ಬೀಳುವ ರೋಗಿಯ ಮನೆಯವರು ಒಂದಕ್ಕೇ ಹಣವಿದೆ ಎಂದರೆ ಮೊದಲು ಫಿಸಿಯೋಥೆರಪಿಗೇ ಹಾಕಿ ಎನ್ನುತ್ತೇನೆ, ಎರಡು ತಿಂಗಳಾದ ಮೇಲೆ "ಈಗ ಕೆಲಸ ನಿಂತಿರುವುದು ಯಾವುದರಿಂದ?" ಎಂಬ ಪ್ರಶ್ನೆಯನ್ನು ಮತ್ತೆ ಕೇಳಲು ಡೈರಿಯಲ್ಲಿ ತಾರೀಖು ಬರೆದಿಟ್ಟುಕೊಳ್ಳುತ್ತೇನೆ.